ನಲವತ್ತು ನಿಮಿಷದ ತಂಪು

ಮಾರ್ಚ್ 3, ಭಾನುವಾರ. ಸಂಜೆ 6:40

ಎರಡು ಶೋ. ಎರಡೂ ಹೌಸ್‌ಫುಲ್. ಮುಂದಿನ ಸಾಲಿನಲ್ಲಿ ಒಬ್ಬಾಕೆ ಕಣ್ಣು ಮುಚ್ಚಿಕೊಂಡೇ ಕೂತಿದ್ದರು. ಗಂಡ "ಮುಗೀತು" ಅಂದ ಮೇಲೆ ತೆರೆದರು. ಅಷ್ಟಕ್ಕೆ ಟಿಕೆಟ್ ಯಾಕೆ ತೆಗೆದುಕೊಂಡರೋ.

ಹನ್ನೆರಡು ಅಡಿ ಕಾಳಿಂಗ. ನಾವೆಲ್ಲ ಕರೆಯುವುದು ದೊಡ್ಡಮ್ಮ ಎಂದು. ಹೆಡೆ ಎತ್ತಿ ನಿಂತಾಗ ಹಿಂದಿನಿಂದ ಹೋಗಿ, ಬಗ್ಗಿ, ನೆತ್ತಿಗೆ ತುಟಿ ತಾಗಿಸುತ್ತೇನೆ. ಎರಡು ಸೆಕೆಂಡ್. ಹನ್ನೊಂದು ವರ್ಷದಿಂದ ಪ್ರತಿ ಭಾನುವಾರ ಇದೇ. ಹಾವಿನ ಪಾರ್ಕಿಗೆ ಜನ ಬರುವುದೇ ಈ ಎರಡು ಸೆಕೆಂಡಿಗೆ.

ಮೈಕ್ ಮಗಳದು. ಇಪ್ಪತ್ತಮೂರು ವಯಸ್ಸು. ಕೊಕ್ಕೆ ಕೋಲು, ಚೀಲ, ಊಟ, ನೀರು ಎಲ್ಲ ಬಲ್ಲಳು, ನನಗಿಂತ ಅಚ್ಚುಕಟ್ಟು. ಅವಳ ಸಾಲು ಕೇಳಿ ಕೇಳಿ ನನಗೇ ಬಾಯಿಪಾಠ. "ಶೋಗೆ ಮುಂಚೆ ನಮ್ಮಪ್ಪ ದೊಡ್ಡಮ್ಮನ ಜೊತೆ ನಲವತ್ತು ನಿಮಿಷ ಮೌನವಾಗಿ ಕೂತಿರ್ತಾರೆ. ದೊಡ್ಡಮ್ಮನಿಗೆ ಅವರ ಪರಿಚಯ ಇದೆ." ಇದು ಪಾರ್ಕಿನ ಯಜಮಾನರು ಬರೆದುಕೊಟ್ಟ ಸಾಲು. ಮಗಳು ನಂಬಿಕೊಂಡೇ ಹೇಳುತ್ತಾಳೆ.

ಹಿಂದಿನ ಕೋಣೆ. ಒಳಗಿನಿಂದ ಚಿಲಕ. ಸ್ಟೀಲ್ ಪೆಟ್ಟಿಗೆ, ತಳದಲ್ಲಿ ಎರಡು ಐಸ್ ಗಡ್ಡೆ, ಮೇಲೆ ಹಲಗೆ, ಹಲಗೆಯ ಮೇಲೆ ಚೀಲದಲ್ಲಿ ದೊಡ್ಡಮ್ಮ. ತಂಪಿಗೆ ಹಾವು ಮಂಕಾಗುತ್ತದೆ. ಎದ್ದು ನಿಲ್ಲುವಷ್ಟು ತ್ರಾಣ ಇರಬೇಕು, ತಿರುಗಿ ಹೊಡೆಯುವಷ್ಟು ಇರಬಾರದು. ಆ ಅಳತೆ ನಲವತ್ತು ನಿಮಿಷ. ಮೌನವಾಗಿ ಕೂತಿರುವುದು ನಿಜವೇ. ಪೇಪರ್ ಓದುತ್ತಾ.

ಇದನ್ನು ಈವರೆಗೆ ಎಲ್ಲೂ ಬರೆದಿರಲಿಲ್ಲ. ಆಫೀಸ್ ರಿಜಿಸ್ಟರಿನಲ್ಲಿ "ಆರೋಗ್ಯ ಸರಿ, ಶೋ ಆಯಿತು" ಅಷ್ಟೇ. ಇವತ್ತು ಯಾಕೆ ಬರೆದೆನೋ... ಶೋ ಮುಗಿದ ಮೇಲೆ ಮಗಳು ಕೇಳಿದಳು, "ಅಪ್ಪ, ಮುಂದಿನ ತಿಂಗಳಿಂದ ಮುತ್ತು ನಾನು ಕೊಡ್ಲಾ?"

ನಕ್ಕುಬಿಟ್ಟೆ. ಅವಳು ನಗಲಿಲ್ಲ.

ಮಾರ್ಚ್ 5, ಮಂಗಳವಾರ

ದೊಡ್ಡಮ್ಮ ಊಟ ಮುಟ್ಟಿಲ್ಲ. ಗೋಡೆಗುಂಟ ಓಡಾಟ. ಹಾವುಗಳನ್ನು ನೋಡುವ ಡಾಕ್ಟರಮ್ಮ ಬಂದು ಗಾಜಿನ ಹೊರಗಿನಿಂದಲೇ ಹೊಟ್ಟೆ ನೋಡಿದರು. ಜನವರಿಯಲ್ಲಿ ಗಂಡು ಹಾವು ತರಿಸಿದ್ದು ದಂಡವಾಗಲಿಲ್ಲ.

"ಮೊಟ್ಟೆ ಇದೆ. ಒಣ ಎಲೆ ಹಾಕ್ಸಿ, ಧಾರಾಳವಾಗಿ. ಮಿಕ್ಕಿದ್ದು ಅದೇ ನೋಡ್ಕೊಳ್ಳುತ್ತೆ."

"ಏನು ನೋಡ್ಕೊಳ್ಳುತ್ತೆ?"

"ಗೂಡು ಕಟ್ಟುತ್ತೆ. ಇಷ್ಟು ವರ್ಷ ಜೊತೇಲಿದ್ದೀರಿ, ಗೊತ್ತಿಲ್ವಾ?"

ಎಲ್ಲೋ ಓದಿದ್ದೆ. ನಂಬಿರಲಿಲ್ಲ. ಹದಿನಾಲ್ಕು ಚೀಲ ಎಲೆ ಗುಡಿಸಿ ತಂದೆವು, ನಾನು, ಮಗಳು. ಅವಳ ಕೂದಲ ತುಂಬ ಕಸ.

ಮಾರ್ಚ್ 7, ಗುರುವಾರ. ಬೆಳಿಗ್ಗೆ 6:10

ಗಾಜಿನ ಮುಂದೆ ಕೂತೇ ಬರೆಯುತ್ತಿದ್ದೇನೆ. ಬರೆಯದಿದ್ದರೆ ನಾಳೆ ನನಗೇ ನಂಬಿಕೆ ಬರುವುದಿಲ್ಲ.

ಕೈಯಿಲ್ಲ, ಕಾಲಿಲ್ಲ, ಕೊಕ್ಕಿಲ್ಲ. ಮೈಯನ್ನು ಬಾಗಿಸಿ, ಆ ಬಾಗಿನೊಳಗೆ ಎಲೆ ಸಿಕ್ಕಿಸಿಕೊಂಡು ಎಳೆಯುತ್ತಾಳೆ. ನೆಲದ ಮೇಲೆ ಹರಡಿದ ಕಾಳನ್ನು ಮೊಣಕೈಯಿಂದ ಬಳಿದು ರಾಶಿ ಮಾಡುತ್ತಾರಲ್ಲ, ಹಾಗೆ. ರಾಶಿಯಾದ ಮೇಲೆ ನಡುವೆ ಹೊಕ್ಕು ಸುತ್ತುತ್ತಾಳೆ, ಒಳಗಿನಿಂದ ಒತ್ತುತ್ತಾಳೆ. ಮತ್ತೆ ಹೊರಗೆ. ಮತ್ತೆ ಎಲೆ. ಒಂದು ಸಲ ಒಂದು ಕಡ್ಡಿ ಅಡ್ಡ ಬಂತು. ಬಿಟ್ಟು ಹೋಗಿ, ತಿರುಗಿ ಬಂದು, ಬೇರೆ ಕಡೆಯಿಂದ ಎಳೆದಳು. ಯೋಚನೆ ಮಾಡಿದಳು! ನಾನು ಕಣ್ಣಾರೆ ಕಂಡೆ.

8:50. ಇನ್ನೂ ಇಲ್ಲೇ. ಟೀ ಆರಿ ಕೆನೆ ಕಟ್ಟಿದೆ. ಗೂಡು ಮೊಣಕಾಲೆತ್ತರ ಬಂದಿದೆ.

ಹನ್ನೊಂದು ವರ್ಷ ಚೀಲಕ್ಕೆ ಹಾಕಿ ತೆಗೆದೆ. ಇವಳಿಗೆ ಇಂಥದ್ದೊಂದು ವಿದ್ಯೆ ಗೊತ್ತಿದೆ ಎಂದು ಒಂದು ದಿನವೂ ಅನ್ನಿಸಲಿಲ್ಲ. ನಾಚಿಕೆಯಾಗುತ್ತಿದೆ. ಅದಕ್ಕಿಂತ ಹೆಚ್ಚಾಗಿ... ಸಂತೋಷ. ಯಾರಿಗಾದರೂ ಹೇಳಬೇಕು ಅನ್ನಿಸುವ ಸಂತೋಷ.

ಮಾರ್ಚ್ 9, ಶನಿವಾರ

ಮೊಟ್ಟೆ ಇಟ್ಟಿದ್ದಾಳೆ. ಸಂದಿಯಲ್ಲಿ ನಾಲ್ಕು ಕಂಡವು, ಬಿಳಿ. ಒಳಗೆ ಇಪ್ಪತ್ತರ ಮೇಲಿರಬೇಕು ಎನ್ನುತ್ತಾರೆ ಡಾಕ್ಟರಮ್ಮ. ಮೇಲೆ ಎಲೆ ಮುಚ್ಚಿ, ಅದರ ಮೇಲೆ ಸುತ್ತಿಕೊಂಡು ಕೂತಿದ್ದಾಳೆ. ಬಹಳ ಹೊತ್ತು ನೋಡುತ್ತಾ ನಿಂತಿದ್ದೆ. ಆಮೇಲೆ ಗಮನಿಸಿದೆ, ಚಪ್ಪಲಿ ಬಿಟ್ಟಿದ್ದೇನೆ. ಯಾವಾಗ ಬಿಟ್ಟೆನೋ.

ಯಜಮಾನರು ಬಂದರು. ಮರಿ ಹೊರಗೆ ಬರಲು ಎರಡು ತಿಂಗಳ ಮೇಲಾಗುತ್ತದೆ, ಅಲ್ಲಿಯವರೆಗೆ ಮುಟ್ಟುವಂತಿಲ್ಲ ಎಂದೆ.

"ಎರಡು ತಿಂಗಳು ಜನಕ್ಕೆ ಏನು ತೋರಿಸ್ಲಿ? ಎಲೆನಾ?"

"ಎಲೆ ಅಲ್ಲ ಸಾರ್, ಗೂಡು."

"ಗೂಡು ನೋಡೋಕೆ ಗುಬ್ಬಚ್ಚಿ ಸಾಲದಾ?" ಎಂದು ನಕ್ಕು ಹೋದರು.

ಮಾರ್ಚ್ 10, ಭಾನುವಾರ

ಕೇರೆ ಹಾವು ಹಿಡಿದು ಶೋ ಮಾಡಿದೆ. ಶಿಳ್ಳೆ, ಕೂಗು. "ದುಡ್ಡು ವಾಪಸ್ ಕೊಡಿ" ಎಂದ ಒಬ್ಬ. ಗೂಡು ನೋಡಿ ಬನ್ನಿ ಎಂದರೆ ಗಾಜಿಗೆ ಬಡಿದು ಬಂದರು.

ಜನ ಹೋದ ಮೇಲೆ ನೋಡುತ್ತೇನೆ, ಮಗಳು ಗಾಜಿನ ಮುಂದೆ ಚಕ್ಕಳಮಕ್ಕಳ ಹಾಕಿ ಕೂತಿದ್ದಾಳೆ. ಬೆನ್ನು ನೆಟ್ಟಗೆ. ಎದುರಿಗೆ ವಾಚು.

"ಏನು ಮಾಡ್ತಿದ್ದೀಯೇ?"

ತುಟಿಯ ಮೇಲೆ ಬೆರಳಿಟ್ಟಳು. ನಲವತ್ತು ನಿಮಿಷ ಮುಗಿಸಿ ಎದ್ದ ಮೇಲೆ ಹೇಳಿದಳು. "ಪರಿಚಯ ಮಾಡ್ಕೊಳ್ತಿದ್ದೀನಿ. ಐದು ದಿನ ಆಯ್ತು. ಇವತ್ತು ನನ್ನ ಕಡೆಗೇ ತಿರುಗಿ ಕೂತಿದ್ಲು, ಗೊತ್ತಾ?"

ವಾಚು ಎತ್ತಿ ಅವಳ ಕೈಗಿಟ್ಟು, ಮನೆಗೆ ನಡಿ ಎಂದೆ.

ಮಾರ್ಚ್ 13, ಬುಧವಾರ

ಮನೆಯವಳಿಗೆ ಎಲ್ಲ ಗೊತ್ತು. ಹಾವಿನ ಚೀಲ ಹೊಲಿಯುವವಳು ಅವಳೇ. ಒದ್ದೆ ಚೀಲ ಯಾಕೆ ಬರುತ್ತದೆ ಎಂದು ಮೊದಲ ವರ್ಷವೇ ಕೇಳಿ ತಿಳಿದುಕೊಂಡಿದ್ದಳು. ಇವತ್ತು ಹೊಲಿಗೆ ಮಿಷನ್ ನಿಲ್ಲಿಸಿ ಹೇಳಿದಳು.

"ನೋಡಿ, ನಾನು ಇಷ್ಟು ದಿನ ಬಾಯಿ ಬಿಟ್ಟಿಲ್ಲ. ಅವಳಿಗೆ ಹೇಳ್ಬಿಡಿ."

"ಹೇಳಿದ್ರೆ ನನ್ನ ಬಗ್ಗೆ ಏನಂದ್ಕೊಳ್ತಾಳೆ?"

"ಇರೋದನ್ನ ಅಂದ್ಕೊಳ್ತಾಳೆ. ಹೇಳದೆ ಇದ್ರೆ ನಾಳೆ ಅವಳು ಒಳಗೆ ಹೋಗ್ತಾಳೆ. ಆಗ ನೀವು ಕೂತ್ಕೊಂಡು ಪೇಪರ್ ಓದಿ."

ಮತ್ತೆ ಮಿಷನ್ ಶುರು. ಮುಖ ಎತ್ತಲಿಲ್ಲ.

ಮಾರ್ಚ್ 14

ಹೇಳಲು ಹೋದೆ. ನೀರಿನ ಬಾನಿ ತಿಕ್ಕುತ್ತಿದ್ದಳು. ನಾನು ಬಾಯಿ ತೆಗೆಯುವ ಮೊದಲೇ ಅವಳು, "ಅಪ್ಪ, ನಾನು ಹನ್ನೆರಡು ವರ್ಷದವಳಿದ್ದಾಗ ನೀನು ಮೊದಲ ಸಲ ಮುತ್ತು ಕೊಟ್ಟೆ. ಅವತ್ತೇ ಅಂದ್ಕೊಂಡೆ, ನಮ್ಮಪ್ಪನ ಥರ ಯಾರೂ ಇಲ್ಲ ಅಂತ."

ಬಾನಿಯ ಇನ್ನೊಂದು ಬದಿ ತಿಕ್ಕಿ ಬಂದೆ.

ಹೇಡಿ ನಾನು. ಹಾವಿನ ಮುಂದೆ ಅಲ್ಲ, ಮಗಳ ಮುಂದೆ.

ಮಾರ್ಚ್ 19, ಮಂಗಳವಾರ. ಬೆಳಿಗ್ಗೆ 5:30

ನಿನ್ನೆ ಬರೆಯಲಾಗಲಿಲ್ಲ. ಈಗಲೂ ಅಕ್ಷರ ಸೊಟ್ಟ.

ಸೋಮವಾರ ಪಾರ್ಕಿಗೆ ರಜ. ನಾನು ಹಿಂದೆ ಟ್ಯಾಂಕ್ ತೊಳೆಯುತ್ತಿದ್ದೆ. ದೊಡ್ಡಮ್ಮನ ಕೋಣೆಯ ಅಗುಳಿ ಸರಿದ ಸದ್ದು. ಆ ಸದ್ದು ನನಗೆ ನಿದ್ದೆಯಲ್ಲೂ ಗೊತ್ತಾಗುತ್ತದೆ. ಓಡಿದೆ.

ಗಾಜಿನ ಹೊರಗೆ ಯಜಮಾನರು, ಫೋನ್ ಎತ್ತಿ ಹಿಡಿದು. ಒಳಗೆ ಮಗಳು. ಗೂಡಿನಿಂದ ನಾಲ್ಕೇ ಹೆಜ್ಜೆ. ಕೈ ಕೆಳಗೆ ಬಿಟ್ಟು, ನಿಧಾನ ಉಸಿರಾಡುತ್ತಾ, ಸಮಾಧಾನದಿಂದ ನಿಂತಿದ್ದಾಳೆ. ನನ್ನನ್ನು ನೋಡಿ ಕಲಿತ ನಿಲುವು. ನಾನು ನುಗ್ಗಿದರೆ ಹಾವು ಕೆರಳುತ್ತದೆ. ನುಗ್ಗದಿದ್ದರೆ... ಕಂಬವಾದೆ. ಆಸ್ಪತ್ರೆಗೆ ಒಂದು ಗಂಟೆ ದಾರಿ. ಕಾಳಿಂಗದ ವಿಷಕ್ಕೆ ಆಗುವ ಔಷಧಿ ಅಲ್ಲಿ ಇಲ್ಲ.

ದೊಡ್ಡಮ್ಮ ಎದ್ದಳು.

ನನ್ನ ಶೋದಲ್ಲಿ ಏಳುತ್ತಿದ್ದದ್ದು ಏಳುವುದೇ ಅಲ್ಲ. ನಿನ್ನೆ ನೋಡಿದೆ. ಮಗಳ ಎದೆಯ ಮಟ್ಟಕ್ಕೆ, ನೆಟ್ಟಗೆ, ಮೈಯೆಲ್ಲ ಬಿಗಿದು. ಒಂದು ಸದ್ದು ಬಂತು. ಬುಸ್ ಅಲ್ಲ, ತಗ್ಗು ದನಿಯ ಗುರ್. ಗಾಜಿಗೆ ಅಂಗೈ ಒತ್ತಿಕೊಂಡಿದ್ದೆ, ಅಂಗೈಗೆ ತಾಗಿತು. ಹನ್ನೊಂದು ವರ್ಷದಲ್ಲಿ ಅವಳ ದನಿಯನ್ನೇ ನಾನು ಕೇಳಿರಲಿಲ್ಲ.

ಮಗಳು ಒಂದು ಹೆಜ್ಜೆ ಮುಂದಿಟ್ಟಳು. ದೊಡ್ಡಮ್ಮ ಹೊಡೆದಳು. ಬಾಯಿ ಮುಚ್ಚಿಕೊಂಡು! ಮುಚ್ಚಿದ ಬಾಯಿಂದ ಭುಜಕ್ಕೆ ಗುದ್ದಿದಳು. ಮಗಳು ಹಿಂದಕ್ಕೆ ಬಿದ್ದಳು. ಬಿದ್ದವಳನ್ನು ಹತ್ತು ಸಲ ಕಚ್ಚಬಹುದಿತ್ತು. ಕಚ್ಚಲಿಲ್ಲ. ಅವಳಿಗೂ ಗೂಡಿಗೂ ನಡುವೆ ನಿಂತು ಕಾದಳು. ಮಗಳು ತೆವಳಿ ಬಾಗಿಲು ಮುಟ್ಟುವವರೆಗೆ ಅಲುಗಲಿಲ್ಲ. ಆಮೇಲೆ ಇಳಿದು, ಗೂಡು ಹತ್ತಿ, ಚದುರಿದ ಎಲೆಯನ್ನು ಎಳೆದುಕೊಂಡಳು.

ಬಿದ್ದವಳು ನನ್ನ ಮಗಳು. ಆದರೂ ಹೇಳುತ್ತೇನೆ, ಅಂಥ ದೊಡ್ಡದನ್ನು ನಾನು ಈ ಜನ್ಮದಲ್ಲಿ ಕಂಡಿಲ್ಲ. ಕೊಲ್ಲುವ ಶಕ್ತಿಯೆಲ್ಲ ಕೈಯಲ್ಲಿದ್ದು, ಬೇಡ ಎಂದು ಹಿಡಿದುಕೊಂಡಳು.

ಭುಜ ಮೂರು ಸಲ ನೋಡಿದೆ. ಡಾಕ್ಟರಮ್ಮನೂ ಓಡಿ ಬಂದು ನೋಡಿದರು. ಕೆಂಪಾಗಿದೆ, ಹಲ್ಲಿನ ಗುರುತಿಲ್ಲ. ಮಗಳ ಕಣ್ಣಲ್ಲಿ ನೀರು, ಮುಖದ ತುಂಬ ನಗು.

"ಅಪ್ಪ, ನೋಡಿದ್ಯಾ? ಕಚ್ಚಲಿಲ್ಲ! ನನ್ನ ಗುರುತು ಹಿಡಿದ್ಲು!"

ಯಜಮಾನರು ಫೋನ್ ಜೇಬಿಗೆ ಹಾಕಿಕೊಂಡರು. "ಭಾನುವಾರ ಇದನ್ನೇ ಮಾಡೋಣ. ಜನರ ಮುಂದೆ. ಪೋಸ್ಟರ್ ಹಾಕಿಸ್ತೀನಿ."

ಮಾರ್ಚ್ 20, ಬುಧವಾರ

ಹೇಳಿದೆ.

ಹಿಂದಿನ ಕೋಣೆಗೆ ಕರೆದೆ. ಅವಳು ಒಳಗೆ ಬಂದದ್ದು ಇದೇ ಮೊದಲು. ಸುತ್ತ ನೋಡಿದಳು, ಬಹಳ ಮರ್ಯಾದೆಯಿಂದ. ಪೆಟ್ಟಿಗೆಯ ಮುಚ್ಚಳ ತೆಗೆದೆ. ಐಸ್ ತರಿಸಿಟ್ಟಿದ್ದೆ.

"ಎರಡೂ ಕೈ ಇಡು."

"ಯಾಕೆ?"

"ಇಡು, ಹೇಳ್ತೀನಿ."

ಇಟ್ಟಳು. ಮೂರು ನಿಮಿಷಕ್ಕೆ ಬೆರಳು ಮರಗಟ್ಟಿತು ಎಂದಳು. ಐದು ನಿಮಿಷಕ್ಕೆ ತೆಗೆಸಿ, ನನ್ನ ಅಂಗಿಯ ಗುಂಡಿ ಹಾಕು ಎಂದೆ. ಆಗಲಿಲ್ಲ. ಬೆರಳು ಗುಂಡಿಯ ಮೇಲೆ ಜಾರಿ ಜಾರಿ ಹೋದವು. ಎರಡು ಸಲ ನೋಡಿದಳು, ಮೂರನೇ ಸಲ ನಕ್ಕಳು. ಆಮೇಲೆ ನಗು ನಿಂತಿತು. ಪೆಟ್ಟಿಗೆ ನೋಡಿದಳು. ಹಲಗೆ ನೋಡಿದಳು. ಮೊಳೆಗೆ ನೇತುಹಾಕಿದ್ದ ಅಮ್ಮ ಹೊಲಿದ ಚೀಲ ನೋಡಿದಳು.

"ಐದು ನಿಮಿಷಕ್ಕೆ ನಿನ್ನ ಬೆರಳು ಹೀಗಾದ್ವು. ಅವಳನ್ನ ನಲವತ್ತು ನಿಮಿಷ ಇಡ್ತಿದ್ದೆ."

"ಪ್ರತಿ ಭಾನುವಾರ?"

"ಎರಡೆರಡು ಸಲ."

ಗೋಡೆಗೆ ಒರಗಿದಳು. ಅಳಲಿಲ್ಲ. ಅತ್ತಿದ್ದರೆ ಚೆನ್ನಾಗಿತ್ತು.

"ಅಂದ್ರೆ ನಿನಗೂ ಪರಿಚಯ ಇಲ್ಲ."

"ಇಲ್ಲ."

"ಮೊನ್ನೆ ನನ್ನ ಗುರುತು ಹಿಡಿದಿದ್ದು?"

"ನೀನ್ಯಾರು ಅಂತ ಅವಳಿಗೆ ಗೊತ್ತಿಲ್ಲ ಕಣಮ್ಮ. ಹತ್ತಿರ ಬರಬೇಡ ಅಂತ ಒಂದು ಸಲ ಹೇಳಿದ್ಲು. ಎರಡನೇ ಸಲ ಹೇಳ್ತಿರ್ಲಿಲ್ಲ."

ಸೊಂಟದಿಂದ ದೊಡ್ಡಮ್ಮನ ಕೋಣೆಯ ಬೀಗದ ಕೈ ಬಿಚ್ಚಿ ಹಲಗೆಯ ಮೇಲಿಟ್ಟು ಹೋದಳು. ಗುಂಡಿ ಹಾಗೇ ಉಳಿಯಿತು. ನಾನೂ ಹಾಕಿಕೊಳ್ಳಲಿಲ್ಲ.

ಮಾರ್ಚ್ 22, ಶುಕ್ರವಾರ

ಮಾತಿಲ್ಲ. ತಟ್ಟೆ ತಂದಿಡುತ್ತಾಳೆ, ಎತ್ತಿಕೊಂಡು ಹೋಗುತ್ತಾಳೆ. ಮನೆಯವಳು ಮಾತ್ರ, "ಇರಲಿ ಬಿಡಿ. ಬದುಕಿದ್ದು ಕೋಪ ಮಾಡ್ಕೊಂಡಿದ್ದಾಳಲ್ಲ" ಎಂದಳು.

ಡಾಕ್ಟರಮ್ಮನಿಗೂ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು. "ಹನ್ನೊಂದು ವರ್ಷ ಅದು ನಿಮ್ಮನ್ನ ಸಹಿಸ್ಕೊಂಡಿದ್ದಲ್ಲ. ಅದರ ಕೈಲಿ ಏನೂ ಆಗ್ತಿರ್ಲಿಲ್ಲ, ಅಷ್ಟೆ." ಮರಿ ಹೊರಬರುವವರೆಗೆ ಯಾರೂ ಒಳಗೆ ಹೋಗಕೂಡದು ಎಂದು ಬರೆದು, ಸಹಿ ಹಾಕಿ, ಬಾಗಿಲಿಗೆ ಅಂಟಿಸಿದರು.

ಯಜಮಾನರ ಕಣ್ಣಿಗೆ ಅದು ಬಿತ್ತು. ಐಸ್ ತರಿಸುತ್ತಿದ್ದವರು ಅವರೇ, ಹೊಸದಾಗಿ ಹೇಳುವುದೇನಿಲ್ಲ. ಇನ್ನು ನಾನೂ ಮುಟ್ಟುವುದಿಲ್ಲ, ಮರಿ ಬಂದ ಮೇಲೂ ಇಲ್ಲ, ಭಾನುವಾರ ಜನಕ್ಕೆ ಇದ್ದದ್ದು ಹೇಳುತ್ತೇನೆ ಎಂದೆ.

"ಹೇಳಿದ ಮೇಲೆ ಇಲ್ಲಿ ಕೆಲಸಕ್ಕೆ ಬರಬೇಡಿ."

"ಆಗ್ಲಿ ಸಾರ್."

ಬಂದು ಬೆಂಚಿನ ಮೇಲೆ ಕೂತೆ. ಗಾಜಿನೊಳಗೆ ದೊಡ್ಡಮ್ಮ ಹಾಗೇ ಇದ್ದಳು. ಹದಿಮೂರು ದಿನವಾಯಿತು, ಊಟ ಬಿಟ್ಟು ಮೊಟ್ಟೆಯ ಮೇಲೆ. ಈ ಕೆಲಸ ಹೋದರೆ ಇವಳನ್ನು ನೋಡಲು ನಾನೂ ಟಿಕೆಟ್ ತೆಗೆದುಕೊಂಡು ಬರಬೇಕು. ಬರುತ್ತೇನೆ.

ಮಾರ್ಚ್ 24, ಭಾನುವಾರ. ಬೆಳಿಗ್ಗೆ 10:20

ಹಿಂದಿನ ಕೋಣೆ. ಚಿಲಕ ಹಾಕಿಲ್ಲ.

ಹೊರಗೆ ಗದ್ದಲ. ಮೊದಲೇ ಹಾಕಿಸಿದ್ದ ಪೋಸ್ಟರ್ ಕೆಲಸ ಮಾಡಿದೆ, ಗೇಟಿನವರೆಗೆ ಸಾಲು. ಹನ್ನೊಂದು ವರ್ಷ ನಾನು ಹೆದರದ ಜನಕ್ಕೆ ಇವತ್ತು ಹೆದರುತ್ತಿದ್ದೇನೆ. ಮನೆಯವಳು ಇಸ್ತ್ರಿ ಮಾಡಿದ ಅಂಗಿ ಕೊಟ್ಟಿದ್ದಾಳೆ. ಬಯ್ಯಿಸಿಕೊಳ್ಳುವಾಗಲಾದರೂ ನೀಟಾಗಿರಿ ಎಂದು.

ಬಾಗಿಲಲ್ಲಿ ಮಗಳು. ನಾಲ್ಕು ದಿನದ ಮೇಲೆ ಮೊದಲ ಮಾತು.

"ಪೆಟ್ಟಿಗೆ ಭಾರ ಇದೆ. ಒಂದು ಕಡೆ ನೀನು ಹಿಡಿ."

"ಎಲ್ಲಿಗೆ?"

"ಗಾಜಿನ ಮುಂದೆ. ಐಸ್ ಹಾಕ್ಸಿದ್ದೀನಿ. ಬಂದವರು ಕೈ ಇಟ್ಟು ನೋಡ್ಲಿ. ಆಮೇಲೆ ಗೂಡು ನೋಡ್ಲಿ." ಮೈಕ್ ನನ್ನ ಮುಂದಿಟ್ಟಳು. "ಆ ಸಾಲು ಇಷ್ಟು ವರ್ಷ ನಾನು ಹೇಳಿದ್ದೀನಿ ಅಪ್ಪ. ನೀನೇ ಸರಿ ಮಾಡ್ಬೇಕು."

ನನ್ನ ಅಂಗಿ ನೋಡಿದಳು. ಮೇಲಿನ ಗುಂಡಿ ಬಿಟ್ಟುಹೋಗಿತ್ತು. ಹಾಕಿದಳು. ಬೆರಳು ಬೆಚ್ಚಗಿದ್ದವು.

ಬಂದವರು ಕೈ ಒರೆಸಿಕೊಳ್ಳಲೆಂದು ಬಟ್ಟೆ ತರಲು ಹೋಗಿದ್ದಾಳೆ. ಎರಡು ನಿಮಿಷ ಇದೆ. ಅಲ್ಲಿ ತಡವರಿಸಬಾರದು, ಮೊದಲ ಮಾತು ಇಲ್ಲೇ ಬರೆದುಕೊಳ್ಳುತ್ತೇನೆ.

ಎಲ್ಲರಿಗೂ ನಮಸ್ಕಾರ. ಹನ್ನೊಂದು ವರ್ಷದಿಂದ ಇಲ್ಲಿ ನಿಮಗೆ ಒಂದು ಸುಳ್ಳು ಹೇಳಿಕೊಂಡು ಬಂದೆ. ಇವತ್ತು ನಿಜ ಹೇಳ್ತೀನಿ. ದೊಡ್ಡಮ್ಮನಿಗೆ ನನ್ನ ಪರಿಚಯ...