ಐದನೆಯ ಇಸ್ಪೀಟು

ಹೊನ್ನಾವರ,
೧೮ನೇ ಡಿಸೆಂಬರ್ ೧೯೮೧

ಪ್ರೀತಿಯ ರಾಮಣ್ಣಾ,

ಕೆಮ್ಮು ಹೇಗಿದೆ? ಮುಂಬಯಿ ಬಂದರಿನ ನಲ್ಲಿ ನೀರನ್ನು ಕುದಿಸಿಯೇ ಕುಡಿಯುತ್ತಿದ್ದೀಯಾ? ಇಲ್ಲಿ ನಾವು ಮೂವರೂ ಚೆನ್ನಾಗಿದ್ದೇವೆ. ಅಪ್ಪನ ಮೊಣಕಾಲು ನೋವು ಇಳಿದಿದೆ, ಮತ್ತೆ ದೋಣಿಗೆ ಹೋಗುತ್ತಿದ್ದಾನೆ. ಕ್ಷೇಮ ಸಮಾಚಾರ ಇಷ್ಟು ಸಾಕು. ಉಳಿದದ್ದೆಲ್ಲ ಸಿಟ್ಟು. ಎದುರು ನಿಂತು ಇಷ್ಟು ಮಾತಾಡುವ ಧೈರ್ಯ ನನಗಿಲ್ಲವೆಂದು ನಿನಗೆ ಗೊತ್ತು. ಕಾಲೇಜಿನ ಮೂರು ವರ್ಷದಲ್ಲಿ ಹಾಜರಿ ಕೂಗಿದಾಗ ಬಿಟ್ಟರೆ ಬಾಯಿ ತೆರೆದವಳಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಪೂರ್ತಿ ಓದು.

ನಿನ್ನ ಕಾಗದ ಬುಧವಾರ ಬಂತು. ಯಾವಾಗಿನಂತೆ ಜಗಲಿಯಲ್ಲಿ ಕೂತು ಆಯಿಗೂ ಅಪ್ಪನಿಗೂ ಗಟ್ಟಿಯಾಗಿ ಓದತೊಡಗಿದೆ. ಟ್ರಾಲರಿನ ಕೆಲಸ, ಊಟ, ಕೆಮ್ಮು. ಆಮೇಲೆ ಆ ಸಾಲುಗಳು: ‘ಪೋಕರ್ ಎಲೆಯಾಟದಲ್ಲಿ ಏಳು ವಾರದಿಂದ ಸೋಲುತ್ತಿದ್ದೇನೆ, ಇನ್ನು ತಿರುಗಲೇಬೇಕು. ಮೂರು ದಿನ ಬರಿ ಬಲೆ ಬಂದರೆ ನಾಲ್ಕನೇ ದಿನ ಮೀನು ಎಂದು ಅಪ್ಪನೇ ಹೇಳುವುದಿಲ್ಲವೇ? ಕೇರಿಯ ಈರ ರಜೆ ಮುಗಿಸಿ ಮುಂಬಯಿಗೆ ಹೊರಡುವಾಗ ಆಯಿಯ ಬುಗುಡಿಯನ್ನು ಅವನ ಕೈಲಿ ಕಳಿಸು. ಅಡವಿಟ್ಟು, ತಿಂಗಳೊಳಗೆ ಬಿಡಿಸಿ ತರುತ್ತೇನೆ.’ ಗಂಟಲು ಸರಿಮಾಡಿಕೊಂಡು, ‘ಇಲ್ಲಿ ಚಳಿ ಬಿದ್ದಿದೆ’ ಎಂದು ಓದಿದೆ. ‘ಮುಂಬಯ್ಲೂ ಚಳಿಯಾ? ಪಾಪ, ಅಂವಂಗೆ ಹೊದ್ಕಣೂಕೆ ಎಂತ ಇತ್ತೋ ಏನೋ’ ಎಂದಳು ಆಯಿ. ಕನ್ನಡ ಸಾಹಿತ್ಯದಲ್ಲಿ ಬಿ.ಎ. ಮಾಡಿದ್ದು ಹೆತ್ತವರ ಮುಂದೆ ಸುಳ್ಳು ಕಾಗದ ಓದುವುದಕ್ಕೆ ಒದಗಿತು. ಇದಕ್ಕೆ ನಿನ್ನನ್ನು ಎಂದಾದರೂ ಕ್ಷಮಿಸುತ್ತೇನೋ ಗೊತ್ತಿಲ್ಲ.

ನೀನು ದಡ್ಡನಾಗಿದ್ದರೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ. ಹೋದ ದೀಪಾವಳಿಗೆ ಬಂದಾಗ ಇದೇ ಜಗಲಿಯಲ್ಲಿ ಎಲೆ ಹರಡಿ ನನಗೆ ಲೆಕ್ಕ ಹೇಳಿಕೊಟ್ಟವನು ನೀನು. ಕೈಯಲ್ಲಿ ಐದೆಲೆ, ನಾಲ್ಕು ಕಪ್ಪು ಇಸ್ಪೀಟು, ಒಂದು ಕೆಂಪು ಆಟೀನು; ಐದೂ ಒಂದೇ ಜಾತಿಯಾದರೆ ಕೈ ಗೆದ್ದಂತೆಯೇ. ಆಟೀನನ್ನು ಬಿಟ್ಟು ಹೊಸ ಎಲೆ ತೆಗೆದರೆ ಐದನೆಯದೂ ಇಸ್ಪೀಟೇ ಬರುವುದು ಎಷ್ಟು ಸಲ? ಕಾಣದ ಎಲೆ ನಲವತ್ತೇಳು, ಅದರಲ್ಲಿ ಇಸ್ಪೀಟು ಒಂಬತ್ತು. ಐದಕ್ಕೆ ಒಂದು ಸಲವೂ ಪೂರ್ತಿ ಇಲ್ಲ. ‘ಹಂಗಾರೆ ನಾವು ಒಂದ್ ರೂಪಾಯಿ ಹಾಕೂಕೆ ನಡೂಮಧ್ಯ ಪಣದ ದುಡ್ಡು ನಾಲ್ಕೂಕಾಲಾದ್ರೂ ಬಿದ್ದಿರ್ಬೇಕು, ತೆಳೀತಾ ಕಮಲಿ? ಇಲ್ದೇ ಹೋದ್ರೆ ಎಲೆ ಕೆಳಗಿಟ್ಟು ಸುಮ್ನೆ ಕೂರೂದು’ ಎಂದಿದ್ದೆ. ಎಷ್ಟು ಚಂದ ಹೇಳಿದ್ದೆ! ನಮ್ಮ ಯಾವ ಮೇಷ್ಟರೂ ಛಂದಸ್ಸನ್ನು ಅಷ್ಟು ಚಂದ ಹೇಳಿಕೊಡಲಿಲ್ಲ. ಎಲೆ ಕೆಳಗಿಡುವುದೇ ಆಟದ ಮುಕ್ಕಾಲು ಪಾಲು ಎಂದವನು ಈ ಏಳು ವಾರ ಎಲ್ಲಿಗೆ ಹೋಗಿದ್ದ?

ನಿನ್ನೆ ಮಧ್ಯಾಹ್ನ ನೀನು ಬಿಟ್ಟುಹೋದ ಎಲೆಕಟ್ಟು ಹುಡುಕಿ ತೆಗೆದೆ. ನಾಲ್ಕು ಇಸ್ಪೀಟು, ಒಂದು ಆಟೀನು ಬದಿಗಿಟ್ಟು, ಉಳಿದ ನಲವತ್ತೇಳನ್ನು ಕಲಸಿ ಒಂದೆಲೆ ತೆಗೆಯುವುದು, ಇಸ್ಪೀಟು ಬಂದರೆ ನೇರ, ಬಾರದಿದ್ದರೆ ಅಡ್ಡ ಗೀಟನ್ನು ನೋಟುಬುಕ್ಕಿನಲ್ಲಿ ಹಾಕುವುದು, ಮತ್ತೆ ಸೇರಿಸಿ ಕಲಸುವುದು. ಹೀಗೆ ನೂರು ಸಲ. ಇಸ್ಪೀಟು ಬಂದದ್ದು ಇಪ್ಪತ್ತೊಂದು ಸಲ. ಆಮೇಲೆ, ಸಾಲಾಗಿ ಐದು ಸಲ ಬಾರದೇ ಹೋದಲ್ಲೆಲ್ಲ ಆರನೆಯದು ಏನಾಯಿತೆಂದು ಗೀಟುಗಳ ಮೇಲೆ ಬೆರಳಿಟ್ಟು ನೋಡಿದೆ. ಅಂಥವು ಮೂವತ್ತು ಸಿಕ್ಕವು, ಬಂದದ್ದು ಆರು. ಮತ್ತೆ ಅದೇ, ಐದಕ್ಕೊಂದು. ಇಷ್ಟು ಸಲ ಕೈಕೊಟ್ಟೆವಲ್ಲ ಎಂಬ ಸಂಕೋಚ ಆ ಎಲೆಗಳಿಗೆ ಚೂರೂ ಇರಲಿಲ್ಲ.

ಅಷ್ಟರಲ್ಲಿ ಅಪ್ಪ ಬಂದು, ‘ಇದೆಂತ ಹುಡ್ಗಾಟ ನಿಂದು?’ ಎಂದ. ನಿನ್ನ ಹೆಸರೆತ್ತದೆ, ನಾಲ್ಕನೇ ದಿನ ಮೀನು ಯಾಕೆ ಬರುತ್ತದೆಂದು ಕೇಳಿದೆ. ನಕ್ಕುಬಿಟ್ಟ. ‘ಸುಮ್ನೆ ಬತ್ತದ್ಯನೆ? ಗಾಳಿ ತಿರುಗ್ತದೆ, ನೀರಿನ ಬಣ್ಣ ಬೇರೆ ಆತದೆ, ಹಕ್ಕಿ ಇಳೀತದೆ. ಅದೆಲ್ಲ ಕಂಡ್ಮೇಲೇ ನಾ ಹೇಳೂದು. ಕಾಣ್ದೇ ಹೋದ್ರೆ ದೋಣಿನೇ ಇಳಸೂದಿಲ್ಲ.’ ಕೇಳಿಸಿತೇ ರಾಮಣ್ಣಾ? ಅಪ್ಪನೂ ಎಲೆ ಕೆಳಗಿಡುತ್ತಾನೆ. ನೀನು ಅವನ ಮಾತಿನ ಬಾಲ ಮಾತ್ರ ಹಿಡಿದುಕೊಂಡು ಮುಂಬಯಿಗೆ ಹೋದೆ. ಎಲೆಕಟ್ಟಿನೊಳಗೆ ಯಾವ ಗಾಳಿ ತಿರುಗುತ್ತದೆ, ಹೇಳು ನೋಡೋಣ!

ಬುಗುಡಿ ಕಳಿಸುವುದಿಲ್ಲ. ಆಯಿ ತಲೆಯ ಮೇಲೆ ಬುಟ್ಟಿ ಹೊತ್ತು, ಪೇಟೆಯಲ್ಲಿ ಮೀನು ಮಾರಿ ಮಾಡಿಸಿಕೊಂಡದ್ದು ಅದೊಂದೇ. ಕೇಳುವುದಕ್ಕೆ ನಿನಗೆ ಮನಸ್ಸಾದರೂ ಹೇಗೆ ಬಂತು? ಅದೂ ನಾನು ಅವಳೆದುರೇ ಗಟ್ಟಿಯಾಗಿ ಓದುವ ಕಾಗದದಲ್ಲಿ! ಹೋದದ್ದು ಹೋಯಿತು, ಹೊಸದಾಗಿ ಹಂಚಿದ ಕೈಗೆ ಅದರ ಸಂಬಂಧವಿಲ್ಲ ಎಂಬುದೂ ನೀನೇ ಹೇಳಿದ ಪಾಠ. ನನಗೆ ಪಾಠ ನೆನಪಿದೆ, ಮೇಷ್ಟರಿಗೆ ಮರೆತಿದೆ.

ಅಪ್ಪ, ಆಯಿಯ ಆಶೀರ್ವಾದಗಳು. ನನ್ನ ಕಡೆಯಿಂದ ಸಿಟ್ಟು, ಅದರೊಳಗೇ ಎಲ್ಲೋ ನಮಸ್ಕಾರ.

ನಿನ್ನ ತಂಗಿ,
ಕಮಲಿ

ತಾ.ಕ.: ಈರ ಈ ಕಾಗದ ಒಯ್ಯಲು ಅಂಗಳದಲ್ಲಿ ನಿಂತು ಬಸ್ಸಿಗೆ ಹೊತ್ತಾಯಿತೆಂದು ಅವಸರ ಮಾಡುತ್ತಿದ್ದಾನೆ. ಈಗಷ್ಟೇ ಆಯಿ ಎರಡೂ ಬುಗುಡಿ ಬಿಚ್ಚಿ, ಬಟ್ಟೆಯಲ್ಲಿ ಕಟ್ಟಿ ನನ್ನ ಮುಂದಿಟ್ಟಳು. ‘ಅಂವ ಚಳಿ ಅಂತ ಬರ್ದಿದ್ರೆ ನೀ ಗಂಟ್ಲು ಸರಿ ಮಾಡ್ಕಣ್ತಿರ್ಲಿಲ್ಲ. ನನ್ನತ್ರ ಕೇಳೂಕೆ ಇದೊಂದೇ ಅಲ್ದಾ ಇರೂದು? ಕೊಟ್ಟು ಕಳಸು’ ಎಂದಳು. ನಾನು ಕೊಡಲಿಲ್ಲ. ಅವಳು ಮತ್ತೆ ಹಾಕಿಕೊಳ್ಳಲೂ ಇಲ್ಲ. ಬರಿಗಿವಿಯಲ್ಲೇ ಬುಟ್ಟಿ ಹೊತ್ತು ಪೇಟೆಗೆ ಹೋದಳು. ನಿನಗೆ ಊರಿಗೆ ಬರುವ ಬಸ್ಸಿನ ಟಿಕೇಟು ಈರನೇ ತೆಗೆಸಿಕೊಡುತ್ತಾನೆ, ನಿನ್ನ ಕೈಗೆ ದುಡ್ಡು ಕೊಡುವುದಿಲ್ಲ. ಎಲೆ ಕೆಳಗಿಟ್ಟು ಎದ್ದು ಬಾ. ಬಂದು ನೀನೇ ಅವಳ ಕಿವಿಗೆ ಹಾಕು.