ಮದ್ದೂ ವಿಷವೂ ಒಂದೇ ಡಬ್ಬಿಯಲ್ಲಿ

ಔಷಧ ಪರವಾನಗಿ ನೀಡುವ ಮಾನ್ಯರೇ,

ನೀವು ಅನುಮತಿ ಕೊಟ್ಟ ಎಲೆಪುಡಿ ನನ್ನ ಅತ್ತೆಯ ಲಿವರ್ ಕೆಡಿಸಿದೆ. ಮಾರಾಟ ನಿಲ್ಲಿಸಿ ಎಂದು ನಿಮ್ಮ ಕಚೇರಿಗೇ ಬಂದು ಕೇಳಿಕೊಂಡೆ. ವಿಷಯ ಪರಿಶೀಲನೆಯಲ್ಲಿದೆಯಂತೆ. ಪರಿಶೀಲನೆಗೆ ಪುರುಸೊತ್ತಿದೆ, ಲಿವರಿಗಿಲ್ಲ. ಆದ್ದರಿಂದ ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ.

ಆ ಎಲೆಯಲ್ಲಿ ಸಕ್ಕರೆ ಕಾಯಿಲೆಗೆ ಮದ್ದು ಹುಡುಕುವುದು ನನ್ನ ಕೆಲಸ. ಎಲೆಯನ್ನು ನೆರಳಲ್ಲಿ ಒಣಗಿಸಿ, ಪುಡಿಮಾಡಿ, ಸ್ಪಿರಿಟ್ಟಿನಲ್ಲಿ ನೆನೆಸಿ, ಸೋಸಿದ ರಸವನ್ನು ಗಾಜಿನ ಕೊಳವೆಯಲ್ಲಿ ಇಳಿಸಿ ಒಂದೊಂದೇ ಅಂಶವನ್ನು ಬೇರ್ಪಡಿಸುತ್ತೇವೆ. ಒಂದು ಅಂಶ ಇಲಿಗಳ ರಕ್ತದ ಸಕ್ಕರೆ ಇಳಿಸಿತು. ಹಿಗ್ಗಿದೆವು. ಅದರ ಬೆನ್ನಿಗೇ ಇಳಿದ ಇನ್ನೊಂದನ್ನು ಕೊಟ್ಟಾಗ ಇಲಿಗಳು ತಿನ್ನುವುದು ಬಿಟ್ಟು, ಪಂಜರದ ಮೂಲೆಯಲ್ಲಿ ಮುದುರಿ ಸತ್ತವು. ಎರಡನ್ನೂ ನಿಮಗೆ ತಿಳಿಸಿದ್ದೆವು. ಮೊದಲನೆಯದನ್ನು ಓದಿದ ಕನ್ನಡಕಕ್ಕೆ ಎರಡನೆಯದು ಕಾಣಲಿಲ್ಲವೇ? ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ಸುಳ್ಳುಮಾಡುವ ಘನಕಾರ್ಯದ ಅವಸರವಿದ್ದಿರಬಹುದು. ಏನನ್ನೂ ಬೇರ್ಪಡಿಸದೆ ಇಡೀ ಎಲೆಯನ್ನೇ ಅರೆದ ಪುಡಿಯಲ್ಲಿ ಈಗ ಮದ್ದಿದೆ, ವಿಷವಿದೆ, ಮೇಲೆ ನಿಮ್ಮ ಮುದ್ರೆಯಿದೆ.

ತಾಯಿಯಿಲ್ಲದ ನನ್ನನ್ನು ಸಾಕಿದವರು ಅತ್ತೆ, ಅಪ್ಪನ ಅಕ್ಕ. ಬಟ್ಟೆ ಹೊಲಿದು ಓದಿಸಿದರು. ಕಳೆದ ತಿಂಗಳು ಹೋದಾಗ ಹೊಲಿಗೆ ಯಂತ್ರದ ಪಕ್ಕ ಆ ಪುಡಿಯ ಡಬ್ಬಿ ಇತ್ತು.

"ನಿನ್ನ ಎಲೆ ಕಣೇ. ಸರ್ಕಾರದೋರೇ ಒಪ್ಪಿದ್ದಾರಂತೆ. ಇನ್ಸುಲಿನ್ ಚುಚ್ಚಿಕೊಳ್ಳೋದು ಬಿಟ್ಟೇಬಿಟ್ಟೆ."

"ಯಾರನ್ನ ಕೇಳಿ ಬಿಟ್ರಿ ಅತ್ತೆ?"

"ನೀನು ಕಂಡುಹಿಡಿದದ್ದಕ್ಕೆ ಇನ್ಯಾರನ್ನ ಕೇಳಲಿ? ಎಲೆ ತಾನೇ, ಏನು ಮಾಡೀತು."

ಅವರು ಕಿಟಕಿಯ ಕಡೆ ತಿರುಗಿದರು. ಕಣ್ಣಿನ ಬಿಳಿಭಾಗ ಹಳದಿಯಾಗಿತ್ತು. ಅಂದೇ ಆಸ್ಪತ್ರೆಗೆ ಸೇರಿಸಿದೆ. ಈಗ ಅವರಿಗೆ ನನ್ನ ಗುರುತು ಹತ್ತುವುದಿಲ್ಲ. ಬೆರಳುಗಳು ಮಾತ್ರ ಹೊದಿಕೆಯ ಅಂಚನ್ನು ಮಡಿಚುತ್ತಲೇ ಇರುತ್ತವೆ.

ನಿನ್ನೆ ವೈದ್ಯರು ನನ್ನನ್ನು ಪಕ್ಕಕ್ಕೆ ಕರೆದರು. "ಇದೇ ಥರ ಇನ್ನೂ ಇಬ್ಬರು ಬಂದಿದ್ದಾರೆ. ಏನು ತಗೊಂಡ್ರಿ ಅಂದ್ರೆ, ಏನೂ ಇಲ್ಲ, ಬರೀ ಎಲೆಪುಡಿ ಅಂತಾರೆ." ಇನ್ನೆಷ್ಟು ಮನೆಗಳಲ್ಲಿ ಆ "ಏನೂ ಇಲ್ಲ" ಅನ್ನು ನೀರಿಗೆ ಕಲಸಿ ಕುಡಿಯುತ್ತಿದ್ದಾರೆ, ನಿಮಗೆ ಗೊತ್ತೇ? ಆಸ್ಪತ್ರೆಯೆದುರಿನ ಅಂಗಡಿಯಲ್ಲೇ ಡಬ್ಬಿಗಳನ್ನು ಪೇರಿಸಿಟ್ಟಿದ್ದಾರೆ. ರೋಗಿಯನ್ನು ನೋಡಲು ಬಂದವರು ಹೋಗುವಾಗ ಒಂದು ಕೊಂಡೊಯ್ಯುತ್ತಾರೆ. ಮಾರಬೇಡಪ್ಪ ಎಂದು ನಿನ್ನೆಯೇ ಅಂಗಲಾಚಿದೆ. ಅಂಗಡಿಯವನು ನಿಮ್ಮ ಮುದ್ರೆ ತೋರಿಸಿದ. "ಅವರಿಗಿಂತ ನಿಮಗೆ ಜಾಸ್ತಿ ಗೊತ್ತಾ ಅಮ್ಮಾ? ನಾಳೆ ಹೊಸ ಮಾಲು ಬರುತ್ತೆ."

ಮಾರಾಟ ನಿಲ್ಲಿಸಿ. ಕೊಂಡವರ ಮನೆಗಳಿಂದ ಡಬ್ಬಿ ವಾಪಸು ತರಿಸಿ. ಇನ್ಸುಲಿನ್ ಬಿಡಬೇಡಿ, ಕಣ್ಣು ಹಳದಿಯಾದರೆ ಆಸ್ಪತ್ರೆಗೆ ಓಡಿ ಎಂದು ನಿಮ್ಮದೇ ಬಾಯಿಂದ ಹೇಳಿ. ಅಂಗಡಿಯವನು ಹೇಳಿದ ಆ ನಾಳೆ, ಇವತ್ತು.

ಇಂತಿ,
ಬಸ್ಸಿನಲ್ಲಿ ಎದುರು ಕೂತವರ ಕಣ್ಣಿನ ಬಣ್ಣ ನೋಡುವ ಚಟ ಅಂಟಿಸಿಕೊಂಡ ರಸಾಯನಶಾಸ್ತ್ರದವಳೊಬ್ಬಳು