ರಾಣಿಯ ಸ್ವಂತ ಮಾತು

ಬೀಜಾಡಿ
೧೯ ಆಗಸ್ಟ್ ೨೦೦೨

ಚುಚ್ಚಿದರೂ ನಗುನಗುತ್ತಾ ಚುಚ್ಚುವ ನನ್ನ ಸುಪ್ರೀತಾ,

ಬ್ರಹ್ಮಾವರದ ಬಸ್‌ಸ್ಟ್ಯಾಂಡಿನಲ್ಲಿ ನೀನು ಅಂದ ಮಾತು ಇನ್ನೂ ಕಿವಿಯಲ್ಲಿದೆ. "ನಿಂದ್ ಅಂದ್ಹೇಳಿ ಒಂದ್ ಮಾತ್ ಇತ್ತಾ ಹೆಣೇ? ಒಂದೋ ಪುಸ್ತಕದ್ದ್, ಇಲ್ದಿರೆ ನಂದ್!" ಅಂದು ನೀನು ಬಸ್ಸು ಹತ್ತಿದೆ. ನಾನು ಕನ್ನಡ ಎಂ.ಎ. ಮುಗಿಸಿದ ಈ ತಲೆಯೊಳಗೆ ಸ್ವಂತದ್ದು ಏನಾದರೂ ಇದೆಯೇ ಎಂದು ತಡಕಾಡುತ್ತಾ ಮನೆಗೆ ಬಂದೆ. ಏನೂ ಸಿಗಲಿಲ್ಲ.

ಅಷ್ಟರಲ್ಲಿ ನಮ್ಮೂರ ಹೆಂಗಸರ ತಾಳಮದ್ದಳೆ ಕೂಟದಲ್ಲಿ ರಾಣಿಯ ಪಾತ್ರಕ್ಕೆ ಅರ್ಥ ಹೇಳುವ ರತ್ನಕ್ಕ ಮಗಳ ಬಾಣಂತನಕ್ಕೆಂದು ಮುಂಬಯಿಗೆ ಹೋದರು. ಆ ಜಾಗಕ್ಕೆ ನನ್ನನ್ನು ಕರೆದರು. ನಾಲ್ಕು ಜನರೆದುರು ಹೆಸರು ಹೇಳಲೂ ಬೆವರುವ ನಾನು ಒಪ್ಪಿಕೊಂಡೆ ಎಂದರೆ ನಂಬುತ್ತೀಯಾ? ಎಲ್ಲ ನಿನ್ನ ಮೇಲಿನ ಹಟ. ಬಯಲಾಟವಾಗಿದ್ದರೆ ಬಣ್ಣ, ಕಿರೀಟಗಳ ಹಿಂದಾದರೂ ಅಡಗಬಹುದಿತ್ತು. ಇಲ್ಲಿ ಸೀರೆಯುಟ್ಟು ಕುಳಿತು, ಭಾಗವತರ ಪದ ಮುಗಿದೊಡನೆ ಬರೀ ಮಾತಾಡಬೇಕು. ಆ ಮಾತನ್ನು ಯಾರೂ ಬರೆದುಕೊಡುವುದಿಲ್ಲ. ಇಲ್ಲಿ ಮುಗ್ಗರಿಸಿದರೆ ನೀನು ಹೇಳಿದ್ದೇ ಸರಿಯೆಂದು ಒಪ್ಪಿ, ಇನ್ನು ಯಾರೆದುರೂ ಬಾಯಿ ತೆರೆಯಬಾರದು ಎಂದುಕೊಂಡೆ.

ಪ್ರಸಂಗ ನಮ್ಮ ಅಣ್ಣಯ್ಯ ಭಾಗವತರೇ ಕಟ್ಟಿದ್ದು. ರಾಜ ಯುದ್ಧಕ್ಕೆ ಹೊರಡುತ್ತಾನೆ, ರಾಣಿ ತಡೆಯಬೇಕು. ರಾಜನಾಗುವವರು ಚಂದ್ರಾವತಿ ಚಿಕ್ಕಮ್ಮ. ಬೆಳಿಗ್ಗೆ ಕೋಟೇಶ್ವರದಲ್ಲಿ ಮೀನು ಮಾರಿ ಮಧ್ಯಾಹ್ನ ಸಿಂಹಾಸನ ಏರುತ್ತಾರೆ. ಅವರು ಗರ್ಜಿಸಿದರೆ ಕಡಲೂ ಸುಮ್ಮನಾಗಬೇಕು. ಕೂಟಕ್ಕೆ ಮೊದಲು ಎದುರುಬದುರಾಗುವ ಇಬ್ಬರು ಕುಳಿತು, ಯಾವ ವಾದ ಎತ್ತುವುದು, ಎಲ್ಲಿ ಬಿಡುವುದು ಎಂದು ಸ್ವಲ್ಪ ಮಾತಾಡಿಕೊಳ್ಳುವುದು ವಾಡಿಕೆ. ನಾನು ಹೋಗಲೇ ಇಲ್ಲ. ಯಾರ ಮಾತೂ ಸೋಂಕದ ವಾದ ಬೇಕಲ್ಲ! ಅಟ್ಟ ಹತ್ತಿ ಕುಳಿತುಬಿಟ್ಟೆ. "ಊಟಕ್ಕ್ ಬತ್ಯಾ, ಅಲ್ಲ ಅದನ್ನೂ ಒಬ್ಳೇ ಆಲೋಚ್ನೆ ಮಾಡ್ತ್ಯಾ?" ಎಂದು ಅಮ್ಮ ಕೆಳಗಿನಿಂದ ಕೂಗುತ್ತಿದ್ದಳು. ಗರ್ಜಿಸುವ ರಾಜನನ್ನು ಮಣಿಸುವ ಒಂದೊಂದು ವಾಕ್ಯವನ್ನೂ ಬಾಯಿಪಾಠ ಮಾಡಿದೆ.

ನಿನ್ನೆ ಕೂಟ. ದೇವಸ್ಥಾನದ ಪೌಳಿಯ ತುಂಬ ಜನ. ಪದ ಮುಗಿಯಿತು. ನಾನು ಗರ್ಜನೆಗೆ ಕಾದು ಕುಳಿತೆ. ಚಿಕ್ಕಮ್ಮ ನನ್ನನ್ನು ದಿಟ್ಟಿಸಿದರು, ತಲೆಯೆತ್ತಿ ಮಾಡಿನ ಹೆಂಚು ನೋಡಿದರು, ಆಮೇಲೆ ಮೆಲ್ಲಗೆ ಕೇಳಿದರು: "ರಾಣಿ, ಹೋಗಬೇಕೋ ಬೇಡವೋ, ನೀನೇ ಹೇಳು. ನಿನ್ನ ಮಾತಿನಂತೆ ನಡೆಯುತ್ತೇನೆ."

ಹೊರಡದ ರಾಜನನ್ನು ತಡೆಯುವುದು ಹೇಗೆ ಮಾರಾಯ್ತಿ? ಬಾಯಿಪಾಠದ ಒಂದು ವಾಕ್ಯವೂ ಉಪಯೋಗಕ್ಕೆ ಬರಲಿಲ್ಲ. ಮದ್ದಳೆಯ ಕುಷ್ಟಣ್ಣ ನನ್ನ ಮಾನ ಉಳಿಸಲೆಂದು ಸುಮ್ಮಸುಮ್ಮನೆ ಬಾರಿಸಿದರು. ಹಿಂದಿನ ಸಾಲಿನಿಂದ ಯಾರೋ, "ರಾಣಿಗ್ ನಿದ್ರೆ ಬಂತ್ ಕಾಣ್!" ಅಂದರು. ನನಗೆ ಸಿಟ್ಟು ಬಂತು. ಆ ಸಿಟ್ಟಿನಲ್ಲೇ ಬಾಯಿ ತೆರೆದೆ.

"ನನ್ನ ಮಾತಿಗಾಗಿ ಉಳಿಯಬೇಡಿ, ಪ್ರಭು. ರಾಣಿಯ ಸೆರಗು ಹಿಡಿದ ರಾಜನೆಂದು ನಾಳೆ ಊರು ನಗುತ್ತದೆ. ನೀವೊಬ್ಬರೇ ಯೋಚಿಸಿ."

"ಒಬ್ಬನೇ ಯೋಚಿಸುವ ಅಭ್ಯಾಸ ಮದುವೆಯ ದಿನವೇ ತಪ್ಪಿಹೋಯಿತಲ್ಲ!" ಅಂದರು ಚಿಕ್ಕಮ್ಮ.

ಜನ ಬಿದ್ದು ಬಿದ್ದು ನಕ್ಕರು. ನನಗೂ ನಗು ಬಂತು, ನಗುವಿನ ಹಿಂದೆಯೇ ಮಾತು. "ಹಾಗಾದರೆ ಇನ್ನೊಬ್ಬಳನ್ನೂ ಸೇರಿಸಿಕೊಂಡು ಯೋಚಿಸಿ. ವೈರಿಯ ಅರಮನೆಯಲ್ಲಿಯೂ ಒಬ್ಬ ರಾಣಿ ಇದೇ ಹೊತ್ತಿಗೆ ಗಂಡನ ಕೈ ಹಿಡಿದು ನಿಂತಿರಬಹುದು. ಅವಳ ಮಾತು ನಡೆಯಲಿ ಎಂದು ನಾನು ಬಯಸುತ್ತೇನೆ, ನನ್ನ ಮಾತು ನಡೆಯಲಿ ಎಂದು ಅವಳು."

ಅಣ್ಣಯ್ಯ ಭಾಗವತರು ಮುಂದಿನ ಪದ ಎತ್ತುವುದನ್ನೂ ಬಿಟ್ಟು ಹಾಗೇ ಕುಳಿತರು. ಆಮೇಲೆ ಚಪ್ಪಾಳೆ.

ಈಗ ಹೇಳು, ಆ ಮಾತು ಯಾರದು? ಅಟ್ಟದಲ್ಲಿ ಒಬ್ಬಳೇ ಕುಳಿತು ಕಟ್ಟಿದ್ದನ್ನು ಇವತ್ತು ನೆನಪಿಸಿಕೊಂಡರೆ ಅರ್ಧ ಕಾಲೇಜಿನ ಮೇಷ್ಟ್ರ ಪಾಠ, ಇನ್ನರ್ಧ ನಿನ್ನ ದನಿ. ನನ್ನದು ಅನ್ನಿಸುವ ಮಾತು ಬಂದದ್ದು ಮಾತ್ರ ಅಷ್ಟೊಂದು ಜನರ ನಡುವೆ, ಚಿಕ್ಕಮ್ಮ ಕೇಳಿದ್ದಕ್ಕೆ, ಹಿಂದಿನ ಸಾಲಿನವರು ಕೆಣಕಿದ್ದಕ್ಕೆ. ಅವರ ಪಾಲನ್ನೆಲ್ಲ ಕಳೆದರೆ ನನಗೇನು ಉಳಿಯುತ್ತದೋ ಗೊತ್ತಿಲ್ಲ. ಆದರೆ ನಾನಲ್ಲದೆ ಬೇರೆ ಯಾರು ಕುಳಿತಿದ್ದರೂ ಅದು ಹುಟ್ಟುತ್ತಿರಲಿಲ್ಲ. ನನಗೆ ಅಷ್ಟು ಸಾಕು.

ಬರುವ ಭಾನುವಾರ ಬೈಂದೂರಿನಲ್ಲಿ ಕೂಟ. ನಾನೇ ರಾಣಿಯಾಗಬೇಕಂತೆ. ನೀನು ಬಂದು ಎಲ್ಲರಿಗಿಂತ ಹಿಂದೆ ಕುಳಿತು ಚೆನ್ನಾಗಿ ಕೆಣಕಬೇಕು.

ಬಾಯಿ ಬಂದ ಖುಷಿಯಲ್ಲಿ,
ನಿನ್ನ ಹರಿಣಾಕ್ಷಿ

ತಾ.ಕ.: ಕೂಟ ಮುಗಿದ ಮೇಲೆ ಚಿಕ್ಕಮ್ಮನ ಕಾಲು ಮುಟ್ಟಿ, ಗರ್ಜಿಸುವುದನ್ನು ಬಿಟ್ಟು ಹಾಗೆ ಕೇಳುವ ಉಪಾಯ ಹೇಗೆ ಹೊಳೆಯಿತು ಎಂದು ಕೇಳಿದೆ. ಅತ್ತಿತ್ತ ನೋಡಿ ಕಿವಿಯಲ್ಲಿ ಅಂದರು: "ಉಪಾಯ ಎಂತದ್ ಮಾರಾಯ್ತಿ! ಹೇಳೂದೆಲ್ಲ ಮರ್ತ್ ಹೋಯ್ತ್. ಅದ್ಕೇ ನಿನ್ಹತ್ರ ಕೇಂಡೆ." ಯಾರಿಗೂ ಹೇಳಬಾರದೆಂದು ನನ್ನಿಂದ ಆಣೆ ಹಾಕಿಸಿಕೊಂಡಿದ್ದಾರೆ. ನಿನಗೆ ಹೇಳಿದರೆ ಬೇರೆಯವರಿಗೆ ಹೇಳಿದ ಹಾಗೇನೂ ಆಗುವುದಿಲ್ಲವಲ್ಲ!